ನಡಿಗೆಯ ನವೆ: ಲಕ್ಷಣ, ನಿದಾನ, ಚಿಕಿತ್ಸೆ

1660ರಲ್ಲಿ ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾಫೆನ್‌ರೆಫರ್ ನವೆಗೊಂದು ಲಕ್ಷಣವಾಕ್ಯ ಬರೆದಿಟ್ಟನು. ಕೆರೆದುಕೊಳ್ಳುವ ಬಯಕೆಯನ್ನು ಹುಟ್ಟಿಸುವ ಅಹಿತವಾದ ಸಂವೇದನೆಯೇ ನವೆ ಎಂಬುದು ಅದರ ತಾತ್ಪರ್ಯ. ಮೂರೂವರೆ ಶತಮಾನ ಕಳೆದರೂ ಚರ್ಮವೈದ್ಯಶಾಸ್ತ್ರ ಈ ಮಾತನ್ನು ಕೈಬಿಟ್ಟಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಬಂಗಾರಪೇಟೆಗೂ ಇದನ್ನು ಅನ್ವಯಿಸುವಾಗ ಮಾತ್ರ ಒಂದು ಚಿಕ್ಕ ತಿದ್ದುಪಡಿ ಅಗತ್ಯ. ಇಲ್ಲಿ ಬೆಳಗಿನ ವಾಕಿಂಗ್ ವೇಳೆ ಹುಟ್ಟುವ ನವೆಯು ಕೆರೆದುಕೊಳ್ಳುವ ಬಯಕೆಯ ಜೊತೆಗೆ ಮನೆಗೆ ಹಿಂದಿರುಗುವ ಬಯಕೆಯನ್ನೂ ಉಂಟುಮಾಡುತ್ತದೆ. ಎರಡರಲ್ಲಿ ಎರಡನೆಯದು ಬಲವತ್ತರ.

ರೋಗವು ಚರ್ಮದಲ್ಲಿ ಆರಂಭವಾಗುವುದಿಲ್ಲ, ರಕ್ತಪರೀಕ್ಷೆಯ ವರದಿಯಲ್ಲಿ ಆರಂಭವಾಗುತ್ತದೆ. ಸಕ್ಕರೆಯ ಅಂಕಿಯನ್ನು ನೋಡಿದ ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎನ್ನುತ್ತಾರೆ. ಅದೇ ಸಂಜೆ ಶೂ ಖರೀದಿಯಾಗುತ್ತದೆ. ಮುಂದಿನ ಹನ್ನೊಂದು ದಿನ ಶೂಗಳು ಪೆಟ್ಟಿಗೆಯಲ್ಲೇ ವಿಶ್ರಾಂತಿ ಪಡೆಯುತ್ತವೆ. ಹನ್ನೆರಡನೆಯ ದಿನ, ಮನೆಯವರ ಮಾತು ಸಹನೆಯ ಮೇರೆ ಮೀರಿದಾಗ, ರೋಗಿಯು ಮಂಕಿ ಕ್ಯಾಪ್ ಧರಿಸಿ ರಾಬರ್ಟ್‌ಸನ್‌ಪೇಟೆಯ ರಸ್ತೆಗಿಳಿಯುತ್ತಾನೆ. ಎಂಟನೆಯ ನಿಮಿಷಕ್ಕೆ ತೊಡೆಯಲ್ಲಿ ಏನೋ ಹರಿದಾಡಿದಂತಾಗುತ್ತದೆ. ಹತ್ತನೆಯ ನಿಮಿಷಕ್ಕೆ ಅದು ಹೊಟ್ಟೆಗೆ ಏರುತ್ತದೆ. ಹನ್ನೆರಡನೆಯ ನಿಮಿಷದಲ್ಲಿ ರೋಗಿಯು ಶೂ ಲೇಸ್ ಕಟ್ಟಿಕೊಳ್ಳಲು ಬಾಗುತ್ತಾನೆ. ಲೇಸ್ ಬಿಚ್ಚಿರುವುದಿಲ್ಲ. ಲೇಸ್ ಇಲ್ಲದ ಶೂ ಧರಿಸಿದವರೂ ಈ ಹಂತದಲ್ಲಿ ಬಾಗುವುದುಂಟು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಹೀಗಿದೆ. ಬಹುಕಾಲ ಕುಳಿತೇ ಇದ್ದ ದೇಹವನ್ನು ಹಠಾತ್ತಾಗಿ ನಡೆಸಿದರೆ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಾಗುತ್ತದೆ. ಮುದುಡಿ ಮಲಗಿದ್ದ ಸೂಕ್ಷ್ಮ ರಕ್ತನಾಳಗಳು ಹಿಗ್ಗುತ್ತವೆ, ಪಕ್ಕದ ನರಗಳು ಕೆರಳುತ್ತವೆ, ಮಿದುಳು ಈ ಗಲಭೆಯನ್ನು ನವೆಯೆಂದು ದಾಖಲಿಸಿಕೊಳ್ಳುತ್ತದೆ. ಕಚೇರಿಯ ಪರಿಭಾಷೆಯಲ್ಲಿ ಹೇಳುವುದಾದರೆ, ವರ್ಷಗಟ್ಟಲೆ ಬೀಗ ಬಿದ್ದಿದ್ದ ವಿಭಾಗದ ಬಾಗಿಲನ್ನು ಯಾರೋ ತೆರೆದಾಗ ಒಳಗಿನ ಸಿಬ್ಬಂದಿ ಸಲ್ಲಿಸುವ ತಕರಾರು ಅರ್ಜಿ ಇದು.

ಪ್ರದೇಶದ ಭಾಷಾ ಸಂಪತ್ತಿನಿಂದ ರೋಗನಿರ್ಣಯಕ್ಕೆ ಅನುಕೂಲವೇ ಆಗಿದೆ. ಕನ್ನಡದಲ್ಲಿ ನವೆ, ತಮಿಳಿನಲ್ಲಿ ಅರಿಪ್ಪು, ತೆಲುಗಿನಲ್ಲಿ ದುರದ, ಉರ್ದುವಿನಲ್ಲಿ ಖುಜ್ಲಿ. ಚಾಂಪಿಯನ್ ರೀಫ್ಸ್‌ನಿಂದ ಹೊರಟ ನಾಲ್ವರು ಗೆಳೆಯರು ನಾಲ್ಕು ಭಾಷೆಗಳಲ್ಲಿ ದೂರಿಕೊಂಡರೂ ಕೆರೆದುಕೊಳ್ಳುವ ಲಿಪಿ ಒಂದೇ ಆಗಿರುತ್ತದೆ. ಕನ್ನಡದ ‘ತೀಟೆ’ ಎಂಬ ಪದವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಅದು ಚರ್ಮವನ್ನು ಬಿಟ್ಟು ನಡತೆಗೆ ಅಂಟಿಕೊಳ್ಳುತ್ತದೆ.

ನವೆಯ ಜೊತೆ ಸಾಸಿವೆ ಕಾಳಿನಷ್ಟು ಚಿಕ್ಕ ದದ್ದುಗಳೂ ಎದ್ದರೆ ಅದು ಬೇರೊಂದು ಪ್ರಭೇದ. ಮನೆಯ ಹಿರಿಯರು ಅದನ್ನು ಗಂಧೆ ಎಂದು ಗುರುತಿಸಿ ಕರಿಕಂಬಳಿಯಿಂದ ಉಜ್ಜುತ್ತಾರೆ. ಉಜ್ಜಿದ ನಂತರ ಮೊದಲಿನ ನವೆ ಯಾವುದು, ಕಂಬಳಿಯದು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಚಿಕಿತ್ಸೆಯ ಯಶಸ್ಸು ಇರುವುದು ಇಲ್ಲಿಯೇ. ಇದೇ ಗಂಧೆಯನ್ನು 1924ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್ ವೈದ್ಯಸಾಹಿತ್ಯದಲ್ಲಿ ವರ್ಣಿಸಿದನು. ಮೈಯ ಶಾಖ ಏರಿ ಬೆವರು ಹೊರಡುವ ಹೊತ್ತಿಗೆ ಇದು ಏಳುತ್ತದೆ. ಅದಕ್ಕೆ ವ್ಯಾಯಾಮ, ಬಿಸಿನೀರಿನ ಸ್ನಾನ, ಉದ್ವೇಗ, ಖಾರದ ತಿನಿಸು ಎಲ್ಲವೂ ನಿಮಿತ್ತವಾಗಬಲ್ಲವು.

ಖಾರದ ತಿನಿಸು ಎಂದಾಗ ಬಂಗಾರಪೇಟೆಯ ಪಾನಿಪುರಿಯನ್ನು ಪರಿಶೀಲಿಸದೆ ಮುಂದುವರಿಯುವುದು ಅಶಾಸ್ತ್ರೀಯ. ಇದರ ಪಾನಿಗೆ ಬಣ್ಣವಿಲ್ಲ. ನೋಡಲು ಕುಡಿಯುವ ನೀರಿನಂತೆ ತಿಳಿಯಾಗಿದ್ದು, ನಾಲಿಗೆಯ ಮೇಲೆ ಮಾತ್ರ ತನ್ನ ಸ್ವರೂಪವನ್ನು ಪ್ರಕಟಿಸುತ್ತದೆ. ಎರಡನೆಯ ತಟ್ಟೆಗೆ ಹಣೆ ಬೆವರುತ್ತದೆ, ಮೂರನೆಯದಕ್ಕೆ ಕತ್ತು ತುರಿಸುತ್ತದೆ. ವ್ಯಾಯಾಮ ಮತ್ತು ಪಾನಿಪುರಿ ಎರಡೂ ಒಂದೇ ಗಂಧೆಯನ್ನು ಎಬ್ಬಿಸುವುದರಿಂದ ರೋಗಿಯು ಯಾವುದಾದರೂ ಒಂದನ್ನು ನಿಲ್ಲಿಸುವುದು ಯುಕ್ತವೆಂದು ತೀರ್ಮಾನಿಸುತ್ತಾನೆ. ವ್ಯಾಯಾಮವನ್ನು ನಿಲ್ಲಿಸಲಾಗುತ್ತದೆ.

ಸ್ಥಳೀಯ ವಿದ್ವಾಂಸರ ಒಂದು ಪಂಥವು ನಡಿಗೆಯ ನವೆಗೆ ಸೈನೈಡ್ ಗುಡ್ಡಗಳೇ ಹೊಣೆ ಎಂದು ವಾದಿಸುತ್ತದೆ. ಅದಿರನ್ನು ಹಿಟ್ಟಾಗಿ ಅರೆದು, ಸೈನೈಡಿನ ಸಹಾಯದಿಂದ ಚಿನ್ನವನ್ನು ತೆಗೆದುಕೊಂಡು, ಉಳಿದದ್ದನ್ನು ಊರಿಗೆ ಬಿಟ್ಟುಹೋದ ಈ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಗಾಳಿ ಎದ್ದ ದಿನ ಅದು ಮನೆಯ ಅನ್ನದ ತಟ್ಟೆಗೂ ಬರುತ್ತದೆ, ಮಕ್ಕಳ ಕಣ್ಣಿಗೂ ಮೈಗೂ ಬೀಳುತ್ತದೆ. ಆ ದೂರು ಹಳೆಯದು, ನ್ಯಾಯವಾದದ್ದು, ಆದ್ದರಿಂದ ಕಡತದಲ್ಲಿ ಸುರಕ್ಷಿತವಾಗಿದೆ. ಆದರೆ ಗಾಳಿಯೇ ಇಲ್ಲದ ಧನುರ್ಮಾಸದ ಬೆಳಗಿನಲ್ಲಿ, ಎರಡು ಪದರ ಬಟ್ಟೆಯ ಒಳಗೆ, ಎಡತೊಡೆಯೊಂದರಲ್ಲೇ ಹುಟ್ಟಿದ ನವೆಯನ್ನು ಗುಡ್ಡದ ತಲೆಗೆ ಕಟ್ಟುವುದು ಗುಡ್ಡಕ್ಕೂ ಅನ್ಯಾಯ. ಚಳಿಗಾಲದ ಒಣಚರ್ಮ, ಬೆವರು ಹೀರದ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಸರಿಯಾಗಿ ಜಾಲಾಡದೆ ಬಟ್ಟೆಯಲ್ಲುಳಿದ ಸೋಪಿನ ಪುಡಿ, ಇವು ಹೆಚ್ಚು ಸಂಭಾವ್ಯ ಆರೋಪಿಗಳು.

ಗಣಿಯ ಆಳವನ್ನು ದೂರುವವರೂ ಇದ್ದಾರೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಈ ನೆಲದಾಳದಲ್ಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಕಣಗಳ ಸುಳಿವು ಸಿಕ್ಕಿತು. ಈ ಕಣಗಳು ಪ್ರತಿ ಕ್ಷಣವೂ ಪ್ರತಿಯೊಬ್ಬರ ಮೈಯನ್ನು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ತೂರಿ ಹೋಗುತ್ತವೆ. ಕುಳಿತವರನ್ನೂ ನಡೆಯುವವರನ್ನೂ ಅವು ಭೇದವಿಲ್ಲದೆ ತೂರುವುದರಿಂದ ನ್ಯೂಟ್ರಿನೋಗಳನ್ನು ಕಾರಣಗಳ ಪಟ್ಟಿಯಿಂದ ಕೈಬಿಡಬಹುದಾಗಿದೆ. ಆ ಶಾಖದಲ್ಲಿ ಕಲ್ಲು ಕೊರೆದವರಿಗೆ ಬೆವರುಸಾಲೆ ಏಳಲು ಎಲ್ಲ ಕಾರಣಗಳಿದ್ದವು, ನಡಿಗೆಯ ನವೆಗೆ ಒಂದೂ ಇರಲಿಲ್ಲ. ಅವರ ರಕ್ತನಾಳಗಳಿಗೆ ಮಲಗಲು ರಜೆ ಸಿಕ್ಕಿರಲಿಲ್ಲ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ದುಡಿಮೆ ರೈಲು ಹತ್ತಿ ಬೆಂಗಳೂರಿಗೆ ಹೋಯಿತು, ವ್ಯಾಯಾಮ ಊರಿನಲ್ಲಿ ಉಳಿಯಿತು.

ರೈಲಿನ ಸಂಗತಿ ಈ ಶಾಸ್ತ್ರಕ್ಕೆ ಅತ್ಯಂತ ಮುಖ್ಯವಾದ ಪುರಾವೆಯನ್ನು ಒದಗಿಸುತ್ತದೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ, ಕೊನೆಗೆ ಬಂಗಾರಪೇಟೆ ಜಂಕ್ಷನ್‌ನಲ್ಲಿ, ಬೆಳಗಿನ ಗಾಡಿಗೆ ಓಡುವವರು ಅಸಂಖ್ಯ. ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದ ಬಿ.ಡಬ್ಲ್ಯೂ.ಟಿ. ಎಂಬ ಸಂಕೇತವನ್ನು ರೈಲ್ವೆ ಇಂದಿಗೂ ಬಿಟ್ಟಿಲ್ಲ, ಪ್ರಯಾಣಿಕರೂ ಓಟವನ್ನು ಬಿಟ್ಟಿಲ್ಲ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಚೀಲ ಹಿಡಿದು ಮೇಲ್ಸೇತುವೆಯ ಮೆಟ್ಟಿಲಿಳಿಯುವವರ ಪೈಕಿ ತೊಡೆ ಕೆರೆದುಕೊಳ್ಳಲು ನಿಂತವರು ಕಾಣಸಿಗುವುದಿಲ್ಲ. ಅವರು ದಿನವೂ ಓಡುವವರು, ದೇಹಕ್ಕೆ ಅದು ರೂಢಿಯಾಗಿದೆ ಎಂಬುದು ಶರೀರಶಾಸ್ತ್ರದ ವಿವರಣೆ. ಕೈಗಳೆರಡೂ ಖಾಲಿ ಇಲ್ಲ ಎಂಬುದು ಪರ್ಯಾಯ ವಿವರಣೆ. ಭಾನುವಾರ ಅದೇ ವ್ಯಕ್ತಿ ವೈದ್ಯರ ಸಲಹೆಯಂತೆ ಬರಿಗೈಯಲ್ಲಿ ಹೊರಟಾಗ ನವೆ ಹಾಜರಾಗುವುದು ಎರಡನೆಯದನ್ನೇ ಬೆಂಬಲಿಸುವಂತಿದೆ.

ಇನ್ನು ಚಿಕಿತ್ಸೆ. ಹತ್ತಿಯ ಸಡಿಲ ಬಟ್ಟೆ, ಉಗುರುಬೆಚ್ಚಗಿನ ನೀರಿನ ಸ್ನಾನ, ಮೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ, ಇವು ನಿರಪಾಯಕಾರಿ. ಔಷಧದಂಗಡಿಯ ಸೆಟಿರಿಜಿನ್ ಮಾತ್ರೆ ನವೆಯನ್ನು ತಗ್ಗಿಸುತ್ತದೆ. ಹಲವರಲ್ಲಿ ಅದು ನಿದ್ರೆಯನ್ನೂ ತರುವುದರಿಂದ ಎಚ್ಚರವಾಗುವ ಹೊತ್ತಿಗೆ ವಾಕಿಂಗ್ ಸಮಯ ಮುಗಿದಿದ್ದು, ನವೆಯು ಬುಡಸಮೇತ ನಿವಾರಣೆಯಾಗಿರುತ್ತದೆ. ನವೆಯ ಜೊತೆ ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕೂಡಲೇ ನಿಂತು ಆಸ್ಪತ್ರೆಗೆ ಹೋಗತಕ್ಕದ್ದು. ವೈದ್ಯಶಾಸ್ತ್ರವೂ ರೋಗಿಯ ಮನದಿಂಗಿತವೂ ಒಂದಾಗುವ ಏಕೈಕ ಸಂದರ್ಭ ಇದು. ದುರದೃಷ್ಟವಶಾತ್, ಇನ್ನೊಂದು ಸುತ್ತು ಮುಗಿಸಿಯೇ ಹೋಗೋಣ ಎಂಬ ಛಲ ಕೆಲವರಲ್ಲಿ ಹುಟ್ಟುವುದು ಆಗಲೇ.

ಸಾಧಾರಣ ನವೆಗೆ ಮೂಲಚಿಕಿತ್ಸೆ ನಡಿಗೆಯೇ. ನಿಧಾನವಾಗಿ ಆರಂಭಿಸಿ, ತಪ್ಪದೆ ಕೆಲವು ವಾರ ನಡೆದರೆ ರಕ್ತನಾಳಗಳು ಒಗ್ಗಿಕೊಂಡು ನವೆ ತಾನಾಗಿ ಇಳಿಯುತ್ತದೆ. ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆಯವರೆಗೆ ಹೆಚ್ಚಿನ ರೋಗಿಗಳು ಈ ವಿಧಾನವನ್ನು ಅಪಾಯಕಾರಿಯೆಂದು ಪರಿಗಣಿಸುತ್ತಾರೆ. ನವೆ ಹೋದ ಮೇಲೆ ನಡೆಯದಿರಲು ಬೇರೆ ಕಾರಣ ಬೇಕಾಗುತ್ತದೆ. ಈ ಉದ್ದೇಶಕ್ಕೆ ಮೊಣಕಾಲು ನೋವು ಸೂಕ್ತವೆಂದು ಕಂಡುಬಂದಿದ್ದು, ಅದರ ವಿವೇಚನೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.