ರಿಸೀವರ್ ರಾಯರು

ನಮ್ಮ ಬಡಾವಣೆಯಲ್ಲಿ ಯಾರ ಮನೆಯಲ್ಲಾದರೂ ಸಿನಿಮಾದ ಬಾಂಬು ಸೋಫಾದ ಬೆನ್ನ ಹಿಂದೆ ಸಿಡಿಯಿತೆಂದರೆ ಅದರಲ್ಲಿ ರಿಸೀವರ್ ರಾಯರ ಕೈವಾಡ ಇದ್ದೇ ಇರುತ್ತದೆ. ಯಾವ ಸ್ಪೀಕರು, ಯಾವ ಆಂಪ್ಲಿಫೈಯರು, ಎಷ್ಟು ಮೀಟರ್ ತಂತಿ, ಎಲ್ಲ ಅವರೇ ನಿಂತು ಕೊಡಿಸಿದ್ದು. ಅವರ ಸ್ವಂತ ಮನೆಯ ಟೀವಿ ಮಾತ್ರ ಇವತ್ತಿಗೂ ತನ್ನ ಹೊಟ್ಟೆಯೊಳಗಿನ ಎರಡು ಪುಟಾಣಿ ಸ್ಪೀಕರಿನಲ್ಲೇ ಮಾತಾಡುತ್ತದೆ. ರಾಯರು ಇನ್ನೂ ‘ನೋಡ್ತಾ ಇದ್ದಾರೆ’.

ಇಂಥ ರಾಯರು ಒಬ್ಬರೇ ಅಲ್ಲ. ಬೆಂಗಳೂರಿನ ಜಾಲಹಳ್ಳಿ, ವಿದ್ಯಾರಣ್ಯಪುರ, ರಾಜಾಜಿನಗರ, ಮೈಸೂರಿನ ಕುವೆಂಪುನಗರ, ಕಾರ್ಖಾನೆಯಿಂದ ನಿವೃತ್ತರಾದವರು ಮನೆ ಕಟ್ಟಿಕೊಂಡ ಕಡೆಯಲ್ಲೆಲ್ಲ ಬೀದಿಗೊಬ್ಬರು ಸಿಗುತ್ತಾರೆ. ಅಂಗಿಯ ಜೇಬಿನಲ್ಲಿ ಲೈನ್ ಟೆಸ್ಟರ್ ಇರುತ್ತದೆ. ಹರೆಯದಲ್ಲಿ 4440 ಐಸಿ ತಂದು, ಬೋರ್ಡಿಗೆ ಬೆಸುಗೆ ಹಾಕಿ, ಸ್ಪೀಕರನ್ನು ಮಡಕೆಯ ಬಾಯಿಗೆ ಕವುಚಿಟ್ಟು ‘ಬೇಸ್’ ಬರಿಸಿ, ಗಣೇಶನ ಪೆಂಡಾಲಿಗೆ ಹಾಡು ಹಾಕಿದವರು ಇವರೇ. ಆಗ ಇಡೀ ಸಲಕರಣೆ ಒಂದೇ ಮಧ್ಯಾಹ್ನದಲ್ಲಿ ತಯಾರಾಗುತ್ತಿತ್ತು. ಈಗ ಪೆನ್ಷನ್ ಇದೆ, ಗ್ರಾಚ್ಯುಯಿಟಿ ಬ್ಯಾಂಕಿನಲ್ಲಿದೆ, ಸಮಯಕ್ಕಂತೂ ಬರವಿಲ್ಲ. ಹೀಗಾಗಿ ನಿರ್ಧಾರ ಆಗುತ್ತಿಲ್ಲ.

ರಿಸೀವರ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು: ಟೀವಿ, ಸೆಟ್‌ಟಾಪ್ ಬಾಕ್ಸು, ಡಿಸ್ಕ್ ಪ್ಲೇಯರು ಎಲ್ಲದರ ತಂತಿಯನ್ನೂ ಒಳಗೆಳೆದುಕೊಂಡು, ಬಂದ ಧ್ವನಿಯನ್ನು ಬಿಡಿಸಿ, ಐದೋ ಏಳೋ ಸ್ಪೀಕರಿಗೆ ಹಂಚುವ ಹತ್ತು ಕಿಲೋ ತೂಕದ ಕರಿ ಡಬ್ಬ. ಇಷ್ಟೇ ಅಂದರೆ ರಾಯರು ಸಿಟ್ಟಾಗುತ್ತಾರೆ. “ಡಬ್ಬ ಅನ್ಬೇಡಿ ಸ್ವಾಮಿ. ಈ ವಿದ್ಯೆಗೂ ನಮ್ಮ ದೇಶಕ್ಕೂ ಋಣಾನುಬಂಧ ಇದೆ” ಎಂದು, ಸಿನಿಮಾ ಧ್ವನಿಗೆ ಹೆಸರಾದ ರೇ ಡಾಲ್ಬಿಯ ಕಥೆ ತೆಗೆಯುತ್ತಾರೆ. ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲಿದ್ದರು, ಇಲ್ಲಿಂದ ಹೋದವರೇ 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯ ತೆರೆದರು. ಇಷ್ಟು ನಿಜ. ಅವರು ಒಂದು ವರ್ಷ ತಡವಾಗಿ ಹೋಗಿದ್ದರೆ ಬಿಇಎಲ್ ಕಾರ್ಖಾನೆಯವರೇ ಡಾಲ್ಬಿಯ ವಿದ್ಯೆಯನ್ನು ಕಂಡುಹಿಡಿಯುತ್ತಿದ್ದರು ಎನ್ನುವ ಭಾಗ ರಾಯರ ಸ್ವಂತದ್ದು.

ಅಂಗಡಿಯಲ್ಲಿ ರಾಯರನ್ನು ನೋಡಬೇಕು. ಮಾರುವ ಹುಡುಗ “ಇದು 80 ವಾಟ್ ಸಾರ್, ಅದು 100” ಎಂದನೋ, ಕೆಟ್ಟ. ಅವನ ಕೈಯಿಂದ ಕರಪತ್ರ ಕಸಿದು, ಕನ್ನಡಕ ಹಣೆಗೇರಿಸಿ, ಅಡಿಯಲ್ಲಿನ ಸಣ್ಣಕ್ಷರವನ್ನು ಗಟ್ಟಿಯಾಗಿ ಓದುತ್ತಾರೆ.

“ಎರಡು ಚಾನೆಲ್ ಓಡುವಾಗ ಅಂತ ಬರ್ದಿದೆ. ಏಳೂ ಓಡಿದ್ರೆ ಎಷ್ಟಪ್ಪ?”

“ಗೊತ್ತಿಲ್ಲ ಸಾರ್.”

“ಡಿಸ್ಟಾರ್ಷನ್ ಎಷ್ಟಕ್ಕೆ ಅಳೆದಿದ್ದು? ಒಂದು ಪರ್ಸೆಂಟಿಗಾ, ಹತ್ತಕ್ಕಾ?”

“ಕೇಳಿ ಹೇಳ್ತೀನಿ ಸಾರ್.”

“ವಾಟ್ ಡಬಲ್ ಆದ್ರೆ ಸಿಗೋದು 3 ಡೆಸಿಬೆಲ್. 80ಕ್ಕೂ 100ಕ್ಕೂ ಒಂದು ಡೆಸಿಬೆಲ್ ಕೂಡ ವ್ಯತ್ಯಾಸ ಇಲ್ಲ. ನಿನ್ನ ಕಿವಿಗೂ ಗೊತ್ತಾಗಲ್ಲ, ನನ್ನ ಕಿವಿಗೂ ಗೊತ್ತಾಗಲ್ಲ.”

ಅಲ್ಲಿಗೆ ನಿಲ್ಲುವುದಿಲ್ಲ. 1990ರ ದಶಕದ ಟೇಪ್‌ರೆಕಾರ್ಡರುಗಳ ಮೈಮೇಲೆ ಅಂಟಿಸುತ್ತಿದ್ದ ಪಿಎಂಪಿಒ ಚೀಟಿಗಳ ವಿಚಾರ ಬರುತ್ತದೆ. ಹೊರಗೆ ಸಾವಿರ ವಾಟೆಂದು ಬರೆದದ್ದರ ಒಳಗೆ ಹತ್ತು ಹದಿನೈದು ವಾಟೂ ಇರುತ್ತಿರಲಿಲ್ಲವೆಂದು, ಅದನ್ನು ಬರೆದದ್ದು ಈ ಹುಡುಗನೇ ಎನ್ನುವಂತೆ ದಬಾಯಿಸುತ್ತಾರೆ. ಆ ಕಾಲಕ್ಕೆ ಅವನು ಹುಟ್ಟಿರಲೂ ಇಲ್ಲ. ಕೊನೆಗೆ ಅವನು ಸೋತು “ಹಾಗಾದ್ರೆ 80ರದ್ದೇ ತಗೊಳ್ಳಿ ಸಾರ್, ರೇಟೂ ಕಮ್ಮಿ” ಎಂದರೆ ರಾಯರು ಕರಪತ್ರ ಮಡಚಿ ಜೇಬಿಗಿಟ್ಟುಕೊಂಡು, “ಇಪ್ಪತ್ತು ವಾಟ್ ಜಾಸ್ತಿ ಇದ್ರೆ ಒಳ್ಳೇದಲ್ವಾ?” ಎನ್ನುತ್ತಾರೆ.

ಎಲ್ಲರೂ ಹೆಲಿಕಾಪ್ಟರ್ ಹಾರಿಸಿ, ಗಾಜು ಒಡೆಸಿ ಪರೀಕ್ಷೆ ಮಾಡಿದರೆ ಇವರು ಮಾಡುವುದು ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿಸಿ. ಏಳು ಸ್ಪೀಕರಿನಲ್ಲಿ ಐದು ಮೌನವಾಗಿ ಕೂತಿರುತ್ತವೆ. ತಂತಿಯ ಮೇಲೆ ಬೆರಳು ಜಾರುವುದು ಕೇಳಿಸಬೇಕಂತೆ. ಎಸಿ ಶೋರೂಮು, ಒಳ್ಳೆಯ ಸೋಫಾ. ಒಮ್ಮೊಮ್ಮೆ ಮೂರನೇ ಕೃತಿಯ ಹೊತ್ತಿಗೆ ರಾಯರಿಗೆ ಜೊಂಪು ಹತ್ತುವುದೂ ಉಂಟು.

ಅವರ ನಿರ್ಧಾರಕ್ಕಿಂತ ಜಗತ್ತಿನ ಕಂಪನಿಗಳೇ ವೇಗವಾಗಿ ಓಡುತ್ತಿವೆ ಎನ್ನುವುದನ್ನೂ ಒಪ್ಪಬೇಕು. ಒಂಕಿಯೋ ಎಂದು ಹೆಚ್ಚುಕಡಿಮೆ ಗಟ್ಟಿ ಮಾಡಿಕೊಂಡಿದ್ದರು. 2022ರಲ್ಲಿ ಆ ಜಪಾನಿ ಕಂಪನಿ ದಿವಾಳಿಯೆದ್ದಿತು, ಹೆಸರು ಬೇರೆಯವರ ಪಾಲಾಯಿತು. ಡೆನಾನೋ ಮಾರಂಟ್ಜೋ ಎಂದು ಪಾರ್ಕಿನ ಬೆಂಚಿನ ಮೇಲೆ ಎರಡು ಪಕ್ಷ ಕಟ್ಟಿಸಿ ವಾದ ನಡೆಸಿದರು. ಎರಡೂ 2002ರಿಂದ ಒಂದೇ ಮನೆಯ ಮಕ್ಕಳು. ಆ ಮನೆಯನ್ನೇ 2022ರಲ್ಲಿ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಮಾಡುವ ಮಾಸಿಮೋ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಾಗ ರಾಯರು, “ಆಸ್ಪತ್ರೆಯವರ ಕೈಗೆ ಹೋಯ್ತು ಸ್ವಾಮಿ, ಇನ್ನು ಸ್ವಲ್ಪ ಕಾಯೋಣ” ಎಂದರು. ಕಾದರು. 2025ರಲ್ಲಿ ಅದು ಹರ್ಮನ್‌ ಎಂಬ ಕಂಪನಿಯ ಕೈ ಸೇರಿತು. “ಈಗ ತಾನೇ ಬಂದಿದ್ದಾರೆ, ಸುಧಾರಿಸಿಕೊಳ್ಳಲಿ” ಎಂದು ಮತ್ತೆ ಕಾಯುತ್ತಿದ್ದಾರೆ.

ಕಾಯುವುದಕ್ಕೆ ಸಮರ್ಥನೆಯೂ ಸಿಕ್ಕಿಬಿಟ್ಟಿದೆ, ಅದೇ ತೊಂದರೆ. 2020ರ ಸುಮಾರಿಗೆ ಎಚ್‌ಡಿಎಂಐ 2.1 ಎಂಬ ಹೊಸ ಕಿಂಡಿಯೊಂದಿಗೆ ಬಂದ ಕೆಲವು ರಿಸೀವರುಗಳ ಚಿಪ್ಪಿನಲ್ಲಿ ದೋಷವಿತ್ತು. ಆಗಷ್ಟೇ ಬಂದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಸಿಕ್ಕಿಸಿ ಒಂದು ಬಗೆಯ ಚಿತ್ರ ಹಾಯಿಸಿದರೆ ಪರದೆ ಕಪ್ಪಾಗುತ್ತಿತ್ತು. ಸುದ್ದಿ ಓದಿದ ದಿನ ರಾಯರು ಮನೆಮನೆಗೆ ಹೋಗಿ “ನೋಡಿದ್ರಾ? ನಾನು ತಗೊಳ್ಳಲಿಲ್ಲ!” ಎಂದು ಹೇಳಿ ಬಂದರು. ವಿಡಿಯೋ ಗೇಮ್ ಪೆಟ್ಟಿಗೆ ಅವರ ಮನೆಯಲ್ಲಿ ಇಲ್ಲ, ಮುಂದೆಯೂ ಬರುವ ಹಾಗಿಲ್ಲ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಬರುವಾಗ ಅಲ್ಲಿಂದಲೇ ಒಂದು ತರುತ್ತೇನೆಂದ. ಅಲ್ಲಿಯದು 120 ವೋಲ್ಟು, ಇಲ್ಲಿಯದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಡದೆ ಚುಚ್ಚಿದರೆ ಹೊಗೆ ಬರುತ್ತದೆಂದು ರಾಯರು ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ಪಾಠ ಮಾಡಿದರು. ಕೇಳಿ ಸಾಕಾದ ಮಗ, “ಅಪ್ಪಾ, ಸುಮ್ನೆ ಒಂದು ಸೌಂಡ್‌ಬಾರ್ ತಗೊಂಡ್ಬಿಡಿ” ಎಂದ. ಅದಾದ ಮೇಲೆ ಒಂದಷ್ಟು ದಿನ ಅಪ್ಪ-ಮಗನ ಮಾತು ಅಮ್ಮನ ಮುಖಾಂತರವೇ ನಡೆಯಿತು.

ನಿಜವಾದ ಯುದ್ಧ ನಡೆಯುವುದು ಹಾಲಿನಲ್ಲಿ. ಐದು ಸ್ಪೀಕರಿನ ಏರ್ಪಾಟಿನಲ್ಲಿ ಹಿಂದಿನವೆರಡು ಕೂತವರ ಮೂಗಿನ ನೇರದಿಂದ 110ರಿಂದ 120 ಡಿಗ್ರಿಯಲ್ಲಿರಬೇಕು. ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ತಂದು, ದಾರ ಎಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎಡಗಡೆಯದು ಸರಿಯಾಗಿ ಬಂತು. ಬಲಗಡೆಯದು ನೆಟ್ಟಗೆ ದೇವರಮನೆಯ ಹೊಸ್ತಿಲ ಮೇಲೆ ಬಂದು ಕೂತಿತು. ಎರಡಡಿ ಸರಿಸಿದರೆ ಕೋನ ಕೆಡುತ್ತದೆ, ಸರಿಸದಿದ್ದರೆ ಮಡಿ ಕೆಡುತ್ತದೆ. ತಾರಸಿಯ ಕಡೆಯಿಂದ ಮಳೆಯ ಸದ್ದು ಸುರಿಸುವ ಆಟ್ಮೋಸ್ ಸ್ಪೀಕರಿಗೆಂದು ಗೋಡೆಯ ಮೇಲೆ ಜಾಗ ಹುಡುಕಿದರೆ ಅಲ್ಲಿ ಗಂಧದ ಹಾರ ಹಾಕಿದ ಮಾವನವರ ಫೋಟೋ. ಮಾರನೆಯ ಬೆಳಿಗ್ಗೆ ಮನೆಯಾಕೆ ನೆಲ ಒರೆಸುವಾಗ ಸೀಮೆಸುಣ್ಣದ ಗುರುತೆಲ್ಲ ಹೋಯಿತು. ಬೇಕೆಂದೇ ಒರೆಸಿದರೆನ್ನುವುದು ರಾಯರ ಗುಮಾನಿ.

ತಮ್ಮ ಮನೆಯಲ್ಲಿ ಆಗದ್ದನ್ನು ರಾಯರು ಬೇರೆಯವರ ಮನೆಯಲ್ಲಿ ಸಾಧಿಸುತ್ತಾರೆ. ಹೊಸ ರಿಸೀವರ್ ಬಂದ ಮನೆಗೆ ಮೈಕು ಇಟ್ಟು ಸ್ವರ ಕೂಡಿಸಲು ಅವರೇ ಹೋಗಬೇಕು. ಡಬ್ಬದೊಳಗೇ ಒಂದು ಪುಟ್ಟ ಮೈಕು, ಅದನ್ನು ನಿಲ್ಲಿಸಲು ಮಡಚಿ ಜೋಡಿಸುವ ರಟ್ಟಿನ ಗೋಪುರ ಬರುತ್ತದೆ. ಅದನ್ನು ಕೂತವರ ಕಿವಿಯ ಎತ್ತರಕ್ಕೆ ಸೋಫಾದ ಮೇಲೆ ನಿಲ್ಲಿಸಿ, “ಫ್ಯಾನ್ ಆರಿಸಿ. ಫ್ರಿಜ್ಜೂ ಆರಿಸಿ. ಯಾರೂ ಕೆಮ್ಮಬಾರದು” ಎಂದು ಅಪ್ಪಣೆ ಮಾಡುತ್ತಾರೆ. ಸ್ಪೀಕರುಗಳು ಒಂದೊಂದಾಗಿ ‘ಪ್ಯೂಂಯ್’ ಎಂದು ಕೂಗುತ್ತವೆ. ಯಂತ್ರ ಆ ಕೂಗಿನಿಂದ ದೂರ, ಧ್ವನಿಯ ಮಟ್ಟ, ಕೋಣೆಯ ಅನುರಣನ ಎಲ್ಲ ಲೆಕ್ಕ ಹಾಕುತ್ತದೆ. ಒಮ್ಮೆ ಒಂದು ಮನೆಯಲ್ಲಿ ಎರಡನೇ ಪ್ಯೂಂಯ್‌ಗೆ ಅಡಿಗೆಮನೆಯ ಕುಕ್ಕರು ಸೀಟಿ ಹಾಕಿತು. ಗದ್ದಲ ಹೆಚ್ಚಾಗಿದೆ, ಮತ್ತೆ ಮಾಡಿ ಎಂದು ಪರದೆಯಲ್ಲಿ ಬಂತು. ಕುಕ್ಕರು ಇಳಿಸಿದರು. ನಾಲ್ಕನೆಯದಕ್ಕೆ ಬೀದಿಯಲ್ಲಿ “ದಂಟು, ಪಾಲಕ್, ಮೆಂತ್ಯಾ ಸೊಪ್ಪೋ” ಎಂದು ಗಾಡಿಯವನು ಬಂದ. ಮತ್ತೆ ಮೊದಲಿನಿಂದ. ರಾಯರು ಬಾಗಿಲಿಗೆ ಓಡಿ ಅವನಿಗೆ “ಸ್ವಲ್ಪ ಹೊತ್ತು ಸುಮ್ನಿರಪ್ಪ, ಆರು ಜಾಗದಲ್ಲಿ ಅಳೀಬೇಕು” ಎಂದರು. ಅವನು ಆರು ಕಟ್ಟು ಸೊಪ್ಪು ತೂರಿಸಿ ಹೋದ.

ಅಂದು ಮನೆಗೆ ಸೊಪ್ಪು ಹಿಡಿದು ಬಂದ ರಾಯರನ್ನು ನೋಡಿ ಅವರ ಹೆಂಡತಿ ನನ್ನ ಮುಂದೆಯೇ ಹೇಳಿದರು: “ನನ್ನನ್ನು ನೋಡೋಕೆ ಬಂದಾಗ ಉಪ್ಪಿಟ್ಟು ಆರೋದ್ರೊಳಗೆ ಒಪ್ಪಿಕೊಂಡಿದ್ರು. ಈ ಡಬ್ಬಕ್ಕೆ ಎಷ್ಟು ವರ್ಷ ನೋಡಿ!” ಆಮೇಲೆ ನನ್ನ ಕಡೆ ತಿರುಗಿ, “ಅಲ್ಲಾ, ಇವರು ಹೇಳೋದು ನಂಗೊಂದೂ ತಿಳಿಯಲ್ಲ. ಸೀರಿಯಲ್ಲಲ್ಲಿ ಅತ್ತೆ ಪಿಸುಗುಟ್ಟಿದ್ರೆ ಕೇಳ್ಸಲ್ಲ, ಜಾಹೀರಾತು ಬಂದ್ರೆ ಎದುರುಮನೆಗೂ ಕೇಳ್ಸುತ್ತೆ. ಅದು ಸರಿಹೋಗುತ್ತಾ?” ಎಂದರು.

ರಾಯರು ಉತ್ತರಿಸದೆ ಸೊಪ್ಪು ಬಿಡಿಸತೊಡಗಿದರು. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಸಿನಿಮಾದ ಮಾತಿನ ಬಹುಪಾಲು ಬರುವುದು ಟೀವಿಯ ಕೆಳಗಿನ ನಡುವಿನ ಸ್ಪೀಕರಿನಿಂದ. ಅದು ಚೆನ್ನಾಗಿದ್ದು, ಟೈಲ್ಸ್ ನೆಲದ ಮೇಲೊಂದು ಜಮಖಾನ, ಕಿಟಕಿಗೊಂದು ದಪ್ಪ ಪರದೆ ಇದ್ದರೆ ಪೇಟೆಯ ಯಾವ ಸಾಧಾರಣ ರಿಸೀವರೂ ಅತ್ತೆಯ ಪಿಸುಮಾತನ್ನು ಮುಟ್ಟಿಸುತ್ತದೆ. ಇದು ರಾಯರಿಗೆ ಗೊತ್ತಿಲ್ಲದ್ದಲ್ಲ, ನನಗೆ ಹೇಳಿಕೊಟ್ಟವರೇ ಅವರು. ಆದರೆ ಜಮಖಾನ ಕೊಳ್ಳಲು ಕರಪತ್ರ ಓದಬೇಕಾಗಿಲ್ಲ.

ನಿಮಗೊಂದು ರಿಸೀವರ್ ಬೇಕಿದ್ದರೆ ನಿಮ್ಮ ಬೀದಿಯ ರಾಯರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಅವರಷ್ಟು ತಿಳಿದವರು, ಕಮಿಷನ್ ಕೇಳದವರು ಬೇರೆ ಸಿಗುವುದಿಲ್ಲ. ದುಡ್ಡು ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ, ಮುಂದಿನ ಮಾಡೆಲಿನ ಸುದ್ದಿ ತೆಗೆಯುವ ಮೊದಲೇ ಬಿಲ್ ಹಾಕಿಸಿ. ತಂತಿಗೆ ಬೆಂಗಳೂರಿನ ಎಸ್.ಪಿ. ರೋಡೇ ಸರಿ, ಅಳತೆಗಿಂತ ಒಂದೆರಡು ಮೀಟರ್ ಹೆಚ್ಚಿಗೆ ಕತ್ತರಿಸಿಕೊಳ್ಳಿ. ಭಾನುವಾರ ಹೋಗಬೇಡಿ, ಅಲ್ಲಿ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ.