ಹಳೇ ಗಾಡಿಯ ಪೂರ್ವಾಶ್ರಮ ಮೀಮಾಂಸೆ

ಹೊಸ ಕಾರಿಗೆ ಇತಿಹಾಸವಿಲ್ಲ. ಆದಕಾರಣ ಅದು ಪಂಡಿತರ ವಿಷಯವಲ್ಲ. ಪೂರ್ವಾಶ್ರಮ ಎಂಬುದಿರುವುದು ಹಳೇ ಕಾರಿಗೆ ಮಾತ್ರ. ಅದನ್ನು ಕೆದಕಬಾರದೆಂಬುದು ಮಾರುವವರ ಮತ, ಕೆದಕಲೇಬೇಕೆಂಬುದು ಈ ಪ್ರಬಂಧದ ಮತ. ಅಧ್ಯಯನದ ಕ್ಷೇತ್ರ ಬೀದರ್ ನಗರ, ಭಾಲ್ಕಿ ಮತ್ತು ಔರಾದ್. ಪ್ರಶ್ನೆ ಒಂದೇ: ಗಾಡಿಯನ್ನು ಮನೆಯ ಅಂಗಳದಿಂದ ಕೊಳ್ಳುವುದು ಶ್ರೇಯಸ್ಸೋ, ಡೀಲರ್ ಅಂಗಳದಿಂದಲೋ?

ಪೂರ್ವಸೂರಿಗಳಲ್ಲಿ ಅಗ್ರಗಣ್ಯನೆಂದರೆ ರಷ್ಯಾದ ತ್ವೆರ್ ಪಟ್ಟಣದ ಅಫನಾಸಿ ನಿಕಿತಿನ್. 15ನೇ ಶತಮಾನದಲ್ಲಿ, ಬೀದರ್ ಬಹಮನಿಗಳ ರಾಜಧಾನಿಯಾಗಿದ್ದಾಗ, ಒಂದು ಗಂಡುಗುದುರೆ ಹಿಡಿದುಕೊಂಡು ಬಂದವನು. ದಾರಿಯಲ್ಲಿ ಜುನ್ನರಿನ ಖಾನ ಅದನ್ನು ಕಸಿದುಕೊಂಡು, ಮತ ಬದಲಿಸಿದರೆ ವಾಪಸು ಕೊಡುತ್ತೇನೆಂದಿದ್ದ; ನಿಕಿತಿನ್ ಹೇಗೋ ಬಿಡಿಸಿಕೊಂಡ. ಕೊನೆಗೆ ಬೀದರಿನಲ್ಲಿ ಮಾರಿದ. ಮಾರುವವರೆಗೆ ಒಂದು ವರ್ಷ ಅದನ್ನು ಸಾಕಿದ ಖರ್ಚನ್ನೂ ಬರೆದಿಟ್ಟ. ಇಂದಿಗೂ ಬೀದರಿನಲ್ಲಿ ಯಾರ ಮನೆಗೆ ಗಾಡಿ ನೋಡಲು ಹೋದರೂ ಮೊದಲು ಕೇಳಿಬರುವ "ಭಾಳ ಖರ್ಚ ಮಾಡೀನ್ರಿ ಇದಕ್ಕ" ಎಂಬ ವಾಕ್ಯದ ಆದಿಪಾಠ ಇದೇ ಎಂದು ನಮ್ಮ ಊಹೆ. ಅದೇ ನಿಕಿತಿನ್, ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುವ ಜಾತ್ರೆಯೊಂದನ್ನೂ ವರ್ಣಿಸಿದ್ದಾನೆ. ಅದು ಆಳಂದವೆಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಗೆ ಒಂಟಿಯಾಗಿ ಮಾರುವ ಪಂಥ, ಸಾಲಾಗಿ ನಿಲ್ಲಿಸಿ ಮಾರುವ ಪಂಥ ಎರಡೂ ಈ ಸೀಮೆಯಲ್ಲಿ ಐನೂರು ವರ್ಷ ಹಳೆಯವು ಎಂದಾಯಿತು.

ಆಧುನಿಕರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಪ್ರಮಾಣಪುರುಷ. ಹಳೇ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಸರಾಸರಿ ಗಾಡಿಯ ಬೆಲೆಯನ್ನೇ ಕೇಳುತ್ತಾನೆ, ಒಳ್ಳೇ ಗಾಡಿಯವರು ಬೇಸತ್ತು ಪೇಟೆ ಬಿಡುತ್ತಾರೆ ಎಂಬುದು ಅವರ 1970ರ ಪ್ರಬಂಧದ ಸಾರ. ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅದಕ್ಕೇ ನೊಬೆಲ್ ಬಂತು. ಪ್ರಬಂಧ ಅಚ್ಚಾಗುವ ಮೊದಲು 1967-68ರಲ್ಲಿ ಅವರು ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ಬೇಕೆಂದೇ ಬೆರೆಸಿದ ಕಲ್ಲನ್ನು ಅಕ್ಕಿಯಿಂದ ಆರಿಸುವ ನಮ್ಮ ಹೆಣ್ಣುಮಕ್ಕಳೂ ಆ ಪ್ರಬಂಧದಲ್ಲಿದ್ದಾರೆ. ದೆಹಲಿಯಲ್ಲೇ ನಿಂತದ್ದು ಅವರ ದುರದೃಷ್ಟ. ಔರಾದಿನ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಎರಡು ದಿನ ಕೂತಿದ್ದರೆ ಸಿದ್ಧಾಂತದ ಎರಡನೇ ಭಾಗವೂ ಹೊಳೆಯುತ್ತಿತ್ತು: ಇಲ್ಲಿ ಮಾರುವವನಿಗೂ ಗೊತ್ತಿರುವುದಿಲ್ಲ. ಅವನೂ ಹೋದ ದೀಪಾವಳಿಗಷ್ಟೇ ಮತ್ತೊಬ್ಬನಿಂದ ಕೊಂಡವನು.

ಇನ್ನು ಪ್ರಮಾಣವಿಚಾರ, ಅಂದರೆ ನಿಜ ತಿಳಿಯುವ ದಾರಿಗಳ ಚರ್ಚೆ. ಪ್ರತ್ಯಕ್ಷವನ್ನು ಬೇಗ ತಳ್ಳಿಹಾಕೋಣ. ಡೀಲರ್ ಅಂಗಳದಲ್ಲಿ ಟಯರಿಗೆ ಕಪ್ಪು, ಮೈಗೆ ಪಾಲಿಶ್, ಇಂಜಿನ್‌ಗೆ ಸ್ನಾನ. ಮನೆಯ ಅಂಗಳದಲ್ಲಿ ಗಾಡಿಯ ಮೇಲೆ ಧೂಳು, ಒಳಗೆ ಅಜ್ಜಿ ಒಣಹಾಕಿದ ಮೆಣಸಿನಕಾಯಿ. ಎರಡೂ ಕಣ್ಣಿಗೆ ಕಟ್ಟಿದ ಪರದೆಗಳೇ.

ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ, ಹೀಗಿರುತ್ತದೆ:

"ಎಲ್ಯಾರ ಹೊಡದದ ಏನ್ರಿ ಕಾಕಾ?"

"ಏ ಇಲ್ಲೋ ತಮ್ಮಾ. ಡಾಕ್ಟರ್ ಸಾಹೇಬ್ರ ಗಾಡಿ ಅದ. ದವಾಖಾನಿಂದ ಮನಿ, ಮನಿಂದ ದವಾಖಾನಿ. ಬ್ಯಾರೆ ಕಡಿಗಿ ಹೋಗೇ ಇಲ್ಲ."

ಬೀದರ್ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಗಾಡಿಗಳೆಲ್ಲ ಡಾಕ್ಟರರವೇ ಆದರೆ ರೋಗಿಗಳಿಗಿಂತ ವೈದ್ಯರೇ ಹೆಚ್ಚಾಗಬೇಕಿತ್ತು. ಡೀಲರ್ ಹೀಗೆ ಹೇಳುವುದಿಲ್ಲ. "ಸಿಂಗಲ್ ಓನರ್" ಎಂದು ಚೀಟಿ ಅಂಟಿಸಿ ಚಹಾ ತರಿಸುತ್ತಾನೆ.

ಅನುಮಾನ ಪ್ರಮಾಣದಲ್ಲೇ ನಮ್ಮವರ ಪ್ರತಿಭೆ ಬೆಳಗುವುದು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸಿದ ನೈಯಾಯಿಕರು ಸೈಲೆನ್ಸರ್ ನೋಡಿದವರಲ್ಲ. ಭಾಲ್ಕಿಯ ಮೇಸ್ತ್ರಿ ಹೊಗೆಯಲ್ಲೇ ಭೇದ ಕಾಣುತ್ತಾನೆ: ನೀಲಿಯಾದರೆ ರಿಂಗು ಸವೆದು ಇಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡು. ಇದಕ್ಕೆ ನಾವು ಮೃತ್ತಿಕಾವಿಧಾನವನ್ನು ಸೇರಿಸಬಯಸುತ್ತೇವೆ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ; ಭಾಲ್ಕಿ, ಔರಾದಿನ ಕಡೆ ಕರಿ ಎರೆ. ಹೀಗಿರುವಾಗ ದವಾಖಾನೆಯ ಆಚೆ ಕಾಲಿಡದ ಗಾಡಿಯ ಮಡ್‌ಗಾರ್ಡ್ ಒಳಗೆ ಮಾಂಜ್ರಾ ದಂಡೆಯ ಎರೆಮಣ್ಣು ಹೆಪ್ಪುಗಟ್ಟಿದ್ದರೆ, ಡಾಕ್ಟರ್ ಸಾಹೇಬರು ಕಬ್ಬಿನ ಗದ್ದೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರೆಂದೇ ಅರ್ಥ.

ಅರ್ಥಾಪತ್ತಿಗೆ ಮೀಮಾಂಸಕರು ಕೊಡುವ ದೃಷ್ಟಾಂತ ಪ್ರಸಿದ್ಧ: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹನ್ನೊಂದು ವರ್ಷದ ಗಾಡಿ, ಮೀಟರ್ ತೋರಿಸುವುದು ನಲವತ್ತು ಸಾವಿರ ಕಿಲೋಮೀಟರ್. ಬ್ರೇಕ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿದೆ, ಸ್ಟೀರಿಂಗ್ ಹೊಳೆಯುತ್ತಿದೆ, ಡ್ರೈವರ್ ಸೀಟು ಕುಸಿದಿದೆ. ಮೀಟರ್ ಮಲಗಿದ್ದಾಗ ಈ ದೇವದತ್ತ ಹೈದರಾಬಾದಿಗೆ ಹೋಗಿಬಂದಿದ್ದಾನೆ.

ಈಗ ಮುಖ್ಯ ವಾದ. ಡೀಲರ್ ಬೇರೆ, ಖಾಸಗಿಯವರು ಬೇರೆ ಎಂಬ ಭೇದವಾದಿಗಳಿಗೆ ಸರ್ಕಾರವೇ ಸಾಕ್ಷಿ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ನೋಂದಾಯಿತ ವ್ಯಾಪಾರಿಗಳು ಮಾರುವ ಹಳೇ ಕಾರುಗಳ ಲಾಭಾಂಶಕ್ಕೆ ಶೇಕಡಾ 18 ತೆರಿಗೆ ಎಂದಿತು. ಗಾಡಿಯ ಪೂರ್ತಿ ಬೆಲೆಗಲ್ಲ. ಖಾಸಗಿಯವರ ನಡುವಿನ ಮಾರಾಟಕ್ಕಂತೂ ಇಲ್ಲವೇ ಇಲ್ಲ. ಅದಕ್ಕೂ ಮೊದಲು, 2023ರ ಏಪ್ರಿಲ್ 1ರಿಂದ, ಹಳೇ ಗಾಡಿಯ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು; ಗಾಡಿ ತನ್ನ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ದಾಖಲಿಸಿದ ಮೇಲೆ ಅವನನ್ನೇ ಮಾಲೀಕನೆಂದು ಭಾವಿಸಬೇಕು; ಗಾಡಿ ಹೊರಗೆ ಹೋದ ಪ್ರತಿ ಸಲವೂ ಲೆಕ್ಕ ಬರೆಯಬೇಕು. ಅಳಿಯನ ಮೆರವಣಿಗೆಗೆ ಹೋದ ಇನ್ನೋವಾವನ್ನು ಆ ಪುಸ್ತಕದಲ್ಲಿ ಹೇಗೆ ನಮೂದಿಸುತ್ತಾರೋ ನೋಡುವ ಆಸೆಯಿದೆ.

ಅಭೇದವಾದಿಗಳು ನಗುತ್ತಾರೆ. ಉದಗೀರ್ ರಸ್ತೆಯ ಯಾವುದೋ ಅಂಗಳದಲ್ಲಿ ನಿಂತಿದ್ದ ಗಾಡಿಯೇ ಮರುವಾರ ಯಾರದೋ ಮನೆಯೆದುರು "ಮನಿ ಗಾಡಿ" ಆಗಿ ನಿಂತಿರುತ್ತದೆ. ಮನೆ ವ್ಯಾಪಾರಿಯ ಭಾವಮೈದನದು. ನಡುವೆ ದಲಾಲಿ ಒಬ್ಬನಿರುತ್ತಾನೆ, ಎರಡೂ ಕಡೆಯಿಂದ ಕಮಿಷನ್ ಪಡೆದು ಭೇದವನ್ನೇ ಅಳಿಸಿಹಾಕುವ ಪರಮಹಂಸ.

ನಮ್ಮ ಸಿದ್ಧಾಂತ ಬೇರೆ. ಎರಡೂ ಪಂಥದವರು ಬಾನೆಟ್ಟಿನೊಳಗೆ ತಲೆಯಿಟ್ಟು ದೋಷ ಹುಡುಕುತ್ತಾರೆ. ಈ ಗಡಿನಾಡಿನಲ್ಲಿ ದೋಷ ಇರುವುದು ಕಾಗದದಲ್ಲಿ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ, ಜಹೀರಾಬಾದ್ ಎಲ್ಲ ಬೀದರ್ ಜಿಲ್ಲೆಯವೇ. ಅಂದು ಭಾಷೆಯ ಗೆರೆ ಎಳೆದವರು, ಮುಂದೆ ಲಾತೂರಿನ ಎಂಎಚ್ 24, ನಾಂದೇಡದ ಎಂಎಚ್ 26, ಸಂಗಾರೆಡ್ಡಿಯ ಟಿಎಸ್ 15 ಗಾಡಿಗಳು ಬೀದರಿನ ಕೆಎ 38, ಭಾಲ್ಕಿಯ ಕೆಎ 39 ಆಗಲು ನಿರಾಕ್ಷೇಪಣಾ ಪತ್ರ ಹಿಡಿದು ಓಡಾಡಬೇಕಾದೀತೆಂದು ಯೋಚಿಸಿರಲಾರರು. ಆ ಪತ್ರ, ಬ್ಯಾಂಕಿನ ಸಾಲ ತೀರಿದ ದಾಖಲೆ, ಬಳಿಕ ಕರ್ನಾಟಕದ ತೆರಿಗೆ: ಇವಿಷ್ಟು ಕೂಡಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ.

ಆದ್ದರಿಂದಲೇ ಹೆಸರು ಬದಲಿಸದೆ ಇಡುವ ಸಂಪ್ರದಾಯ. ಮಾರಿದವನು 29 ಮತ್ತು 30ನೇ ನಮೂನೆಗೆ ಖಾಲಿ ಸಹಿ ಹಾಕಿಕೊಡುತ್ತಾನೆ. ಕೊಂಡವನು ತನ್ನ ಹೆಸರು ಬರೆಯದೆ ಡ್ಯಾಶ್‌ಬೋರ್ಡಿನಲ್ಲಿಟ್ಟು ಮುಂದಿನವನಿಗೆ ಮಾರುತ್ತಾನೆ. 14 ದಿನದೊಳಗೆ ಮಾರಿದವನು, 30 ದಿನದೊಳಗೆ ಕೊಂಡವನು ತಿಳಿಸಬೇಕೆಂಬ ಕಾನೂನು ಅದೇ ಡ್ಯಾಶ್‌ಬೋರ್ಡಿನಲ್ಲಿ ನಿದ್ರಿಸುತ್ತದೆ. 2007ರಲ್ಲಿ ಮಾರಿದ ಕಾರೊಂದು ಹೀಗೇ ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತ ಮಾಡಿತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರ ಅವನ ತಲೆಗೆ. ಭಾಲ್ಕಿಯಲ್ಲಿ ಇದನ್ನು ವಿವರಿಸಿದಾಗ ಗಾಡಿ ಮಾರಿದ ಹಿರಿಯರೊಬ್ಬರು, "ಹಂಗಾದ್ರ ಗಾಡಿ ಇನ್ನಾ ನಂದೇ ಅಂದಂಗಾಯ್ತು" ಎಂದು ಸಂತೋಷಪಟ್ಟರು.

ಕೊನೆಯ ಪ್ರಮಾಣ ಅನುಪಲಬ್ಧಿ: ಇರಬೇಕಾದದ್ದು ಕಾಣದಿರುವುದೇ ಜ್ಞಾನಕ್ಕೆ ಸಾಧನ. ಸರ್ವಿಸ್ ಪುಸ್ತಕ ಕಾಣುವುದಿಲ್ಲ. ಎರಡನೇ ಕೀಲಿ ಕಾಣುವುದಿಲ್ಲ. ಜಾಕ್ ವಿಷಯದಲ್ಲಂತೂ ಮನೆಯವರು, ಡೀಲರು, ದಲಾಲಿ ಮೂವರದೂ ಏಕಾಭಿಪ್ರಾಯ: "ಡಿಕ್ಕಿನಾಗ ಇತ್ತಲ್ರಿ, ನಿನ್ನೆನೇ ನೋಡೀನಿ."