ಟ್ಯಾಬಪ್ಪನವರು

ನಮ್ಮ ಮೇಲಿನ ಮಹಡಿಯವರ ನಿಜವಾದ ಹೆಸರು ಈಗ ಕರೆಂಟು ಬಿಲ್ಲಿನಲ್ಲಷ್ಟೇ ಉಳಿದಿದೆ. ಬೀದಿಗೆಲ್ಲ ಅವರು ಟ್ಯಾಬಪ್ಪ. ಯಾರ ಮನೆಯ ಮಗು ಒಂದನೇ ಕ್ಲಾಸು ದಾಟಿದರೂ ಗೇಟಿನಲ್ಲೇ ಹಿಡಿದು, "ಟ್ಯಾಬು ಯಾವುದು ನೋಡಿದ್ದೀರಿ?" ಅನ್ನುತ್ತಾರೆ. ಯಾವ ಹೆಸರು ಹೇಳಿದರೂ ಉತ್ತರ ಒಂದೇ: "ಓ, ಅದಾ?" ಆ 'ಅದಾ' ಕೇಳಿದ ಮೇಲೆ ನಮ್ಮ ಮಗುವಿನ ಎಸ್ಸೆಸ್ಸೆಲ್ಸಿ ಬಗ್ಗೆಯೇ ಭಯ ಹುಟ್ಟುತ್ತದೆ.

ಅವರ ಸಂಶೋಧನೆ ಶುರುವಾದದ್ದು ಕೊರೊನಾ ಕಾಲದಲ್ಲಿ, ಮಗ ಒಂದನೇ ತರಗತಿಯಲ್ಲಿದ್ದಾಗ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. "ನಾನು ಹೇಳಲಿಲ್ವೇ?" ಎಂದು ಟ್ಯಾಬಪ್ಪ ಖರೀದಿ ಮುಂದೂಡಿದರು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. "ನಾನು ಹೇಳಲಿಲ್ವೇ?" ಎಂದು ಇನ್ನೂರು ಪುಟದ ನೋಟ್‌ಬುಕ್ ತೆರೆದರು. ಪ್ರತಿ ಸಲವೂ ಇವರು ತೀರ್ಮಾನಕ್ಕೆ ಬರುವ ಹೊತ್ತಿಗೆ ಆ ಮಾಡೆಲ್ಲು ಅಂಗಡಿಯಿಂದಲೇ ಮಾಯ. ಕೊನೆಗೆ ಮಗ ಆರನೇ ಕ್ಲಾಸಿಗೆ ಹೋಗಿ, ಟ್ಯಾಬಿನ ಯೋಗ ಎರಡನೇ ಕ್ಲಾಸಿನ ತಂಗಿ ಪುಟ್ಟಿಗೆ ಬಂತು.

ಎಸ್.ಪಿ. ರಸ್ತೆಯ ಅಂಗಡಿಗೆ ನನ್ನನ್ನೂ ಸಾಕ್ಷಿಗೆ ಕರೆದೊಯ್ದರು. ಅಂಗಡಿ ಹುಡುಗ "64 ಜಿಬಿ ಸಾರ್" ಅಂದ. "ಅದರಲ್ಲಿ ಸಿಸ್ಟಮ್ಮು ತಿನ್ನೋದೆಷ್ಟು, ನಮ್ಮ ಪುಟ್ಟಿಗೆ ಉಳಿಯೋದೆಷ್ಟು?" ಗೋಣಿಚೀಲದ ತೂಕ ಕಳೆದು ಅಕ್ಕಿ ಎಷ್ಟೆಂದು ಕೇಳುವ ದನಿ. "ಅಪ್‌ಡೇಟು ಇನ್ನೆಷ್ಟು ವರ್ಷ ಬರುತ್ತೆ?" ಹುಡುಗ ಫ್ಯಾನು ನೋಡಿದ. (ಇದೊಂದು ಪ್ರಶ್ನೆ ಮಾತ್ರ ಸರಿಯಾದದ್ದು. ಅಪ್‌ಡೇಟು ನಿಂತ ಟ್ಯಾಬಿನಲ್ಲಿ ಶಾಲೆಯ ಆ್ಯಪೂ ಒಂದು ದಿನ ಕೈಕೊಡಬಹುದು.) "ಊಟದ ಟೇಬಲ್ಲಿಂದ ಬಿದ್ದರೆ?" "ಬೀಳಿಸಬೇಡಿ ಸಾರ್" ಅಂದ ಹುಡುಗ. ಇಡೀ ಮಧ್ಯಾಹ್ನದಲ್ಲಿ ನಾನು ಕೇಳಿದ ಏಕೈಕ ಖಚಿತ ಉತ್ತರ ಅದು. ಹಿಡಿಕೆಯಿದ್ದ ದಪ್ಪ ಫೋಮ್ ಕವರ್, 85 ಡೆಸಿಬಲ್ ಮೀರದ ಹೆಡ್‌ಫೋನು, ಗಾಜಿನ ಮೇಲೊಂದು ಗಾಜು ಎಲ್ಲ ಸೇರಿ, ಮನೆಗೆ ಬಂದಾಗ ಟ್ಯಾಬು ಚಳಿಗಾಲದ ಮಗುವಿನಂತಿತ್ತು.

ಭಾನುವಾರ ರಾಹುಕಾಲ ಕಳೆದು ಆರಕ್ಕೆ ಸೆಟ್ಟಿಂಗ್ ಪೂಜೆ. ಪುಟ್ಟಿಯ ಹೆಸರಲ್ಲಿ ಖಾತೆ, ಹುಟ್ಟಿದ ದಿನಾಂಕ, ಅಪ್ಪನ ಫೋನಿಗೆ ಜೋಡಣೆ, ಹುಡುಕಾಟಕ್ಕೆ ಜರಡಿ, ಕನ್ನಡ ಕೀಲಿಮಣೆ, ಪಠ್ಯಪುಸ್ತಕದ ಕ್ಯೂಆರ್ ಓದಲು ದೀಕ್ಷಾ ಆ್ಯಪು. ಐದರಿಂದ ಹತ್ತು ವರ್ಷದವರಿಗೆ ದಿನಕ್ಕೆ ಎರಡು ಗಂಟೆಯೊಳಗೇ ಸ್ಕ್ರೀನ್ ಇರಲಿ ಎಂದು ದೇಶದ ಮಕ್ಕಳ ವೈದ್ಯರ ಸಂಘ ಹೇಳಿದೆಯಷ್ಟೇ. ಟ್ಯಾಬಪ್ಪ ಅದನ್ನು 45 ನಿಮಿಷಕ್ಕೆ ಇಳಿಸಿದರು. ಚೌಕಾಸಿ ಮಾಡದೆ ಅವರು ಯಾವುದನ್ನೂ ಒಪ್ಪಿದವರಲ್ಲ. ಎಲ್ಲ ಮುಗಿದಾಗ ರಾತ್ರಿ ಒಂಬತ್ತೂವರೆ. ಪುಟ್ಟಿ ಡಬ್ಬಿಯೊಳಗಿದ್ದ ಗುಳ್ಳೆ ಪ್ಲಾಸ್ಟಿಕ್ಕನ್ನು ಒಂದೂ ಬಿಡದೆ ಒಡೆದು, ಅದರ ಮೇಲೆಯೇ ನಿದ್ದೆ ಹೋಗಿದ್ದಳು.

ಆಮೇಲೆ ಟ್ಯಾಬಪ್ಪ ಮನೆಯೊಳಗೇ ಒಂದು ತಾಲ್ಲೂಕು ಕಚೇರಿಯಾದರು. ಯಾವ ಆ್ಯಪಿಗೂ ಅವರ ಫೋನಿಗೆ ಅರ್ಜಿ ಬರಬೇಕು, ಅವರು ವಿಲೇವಾರಿ ಮಾಡಬೇಕು.

ಮೊನ್ನೆ ಅವರು ಕಟಿಂಗ್ ಶಾಪಿನಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದಾಗ ಫೋನು ಟಿಣ್ ಅಂದಿತು. ಪುಟ್ಟಿಯ ಹೆಸರಲ್ಲಿ ಧಾರಾವಾಹಿಯ ಆ್ಯಪೊಂದಕ್ಕೆ ಅರ್ಜಿ. "ಎರಡನೇ ಕ್ಲಾಸಿಗೆ ಧಾರಾವಾಹಿಯೇ!" ಎಂದು ತಿರಸ್ಕರಿಸಿದರು. ಎರಡನೇ ಸಲ ಬಂತು, ತಿರಸ್ಕರಿಸಿದರು. ಮೂರನೇ ಸಲ ಫೋನೇ ಬಂತು.

"ನಾನು ಕಣೋ. ಮಗು ಆಟಕ್ಕೆ ಹೋಗಿದೆ, ಟಿವಿ ಕೆಟ್ಟಿದೆ. ನಿನ್ನ ಅಪ್ಪಣೆ ಬೇಕಂತೆ ನನಗೆ!"

ಟ್ಯಾಬಪ್ಪನವರ ತಾಯಿ. ಮಗನ ಪರೀಕ್ಷೆ ಬಂತೆಂದರೆ ಶಟರ್ ಬಾಗಿಲಿನ ಟಿವಿಗೆ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದವರು.

ಕತ್ತರಿ ನಿಂತಿತು. ಬಟ್ಟೆಯೊಳಗಿಂದ ಒಂದು ಕೈ ಹೊರಬಂದು ಒಪ್ಪಿಗೆ ಒತ್ತಿತು. ನಾವು ಬೆಂಚಿನವರು ಗಡಿಯಾರ ನೋಡುತ್ತ ಕೂತೆವು, ಯಾಕೆಂದರೆ ಪುಟ್ಟಿ ಆ ದಿನದ 45ರಲ್ಲಿ 38 ನಿಮಿಷ ಆಗಲೇ ಮುಗಿಸಿದ್ದಳು.